ಹಳದಿ ಕಾರ್ಡಿನ ಮೇಷ್ಟ್ರು

ಪ್ರೀತಿಯ ಅಕ್ಕ,

ನಾನು ಇಲ್ಲಿಗೆ ಬಂದು ಇಪ್ಪತ್ತು ದಿನವಾಯಿತು. ನಮ್ಮ ಗುತ್ತಿಗೆ ಕಂಪನಿ ನನ್ನನ್ನು ಒಂದು ವಿಮಾ ಆಫೀಸಿನಲ್ಲಿ ಕೂರಿಸಿದೆ. ಅವರ ಹಳೆಯ ಕಂಪ್ಯೂಟರ್ ಪ್ರೋಗ್ರಾಂಗಳು ಕೆಡದಂತೆ ನೋಡಿಕೊಳ್ಳುವ ಕೆಲಸ. ಅಲ್ಲಿನ ಸಿಬ್ಬಂದಿಯ ಕೊರಳಲ್ಲಿ ನೀಲಿ ಕಾರ್ಡು, ಗುತ್ತಿಗೆಯವರಾದ ನಮಗೆ ಹಳದಿ. ಒಂಬತ್ತು ವರ್ಷದಿಂದ ಹಳದಿ ಕಾರ್ಡಿನಲ್ಲೇ ಇದ್ದ ಹಿರಿಯರೊಬ್ಬರು ನನಗೆ ಕೆಲಸ ಕಲಿಸಿದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಒಂದಿಷ್ಟೂ ಗುಟ್ಟು ಮಾಡದೆ ಹೇಳಿಕೊಟ್ಟರು. ನಾನು ಎರಡು ನೋಟ್‌ಬುಕ್ ತುಂಬ ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ಅವರ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ದಿನವೂ ಅವರ ಜೊತೆ ಚಹಾ ಕುಡಿಯುತ್ತಿದ್ದ ಕಾವಲುಗಾರ ತಲೆ ತಗ್ಗಿಸಿ, "ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ ಸಾರ್, ನನ್ನ ಕೈಲೇನೂ ಇಲ್ಲ" ಅಂದ. ಇನ್ನು ಅವರ ಕೆಲಸ ನನ್ನದೇ ಎಂದು ಮ್ಯಾನೇಜರ್ ಆಗ ಹೇಳಿದ. ಅವರ ಕನ್ನಡಕ, ಸ್ವೆಟರು, ಮಾತ್ರೆ ಡಬ್ಬಿಯನ್ನು ಹೊರಗೆ ಕೊಟ್ಟು ಬರಲು ನನ್ನನ್ನೇ ಕಳಿಸಿದ.

"ನಂಗೆ ಗೊತ್ತಿರ್ಲಿಲ್ಲ ಮೇಷ್ಟ್ರೇ" ಅಂದೆ.

"ನಂಗೆ ಗೊತ್ತಿತ್ತಮ್ಮ, ನೀನು ಬಂದ ದಿನವೇ" ಅಂದರು. "ಅರ್ಧಂಬರ್ಧ ಕಲಿಸಿದ್ರೆ ನಿನ್ನನ್ನೂ ಕಳಿಸಿಬಿಡೋರು. ಹೋಗು, ಹೊತ್ತಾಯ್ತು."

ಸ್ವೆಟರನ್ನು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ತಿರುಗಿ ನೋಡಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆಯೆಂದು ಅಮ್ಮನಿಗೆ ಹೇಳು. ಉಳಿದದ್ದನ್ನು ಹೇಳಬೇಡ, ಸುಮ್ಮನೆ ಕೊರಗುತ್ತಾಳೆ.

ಈಗ ಅವರ ಕುರ್ಚಿಯಲ್ಲೇ ಕೂರುತ್ತೇನೆ. ಅದು ಅವರ ಎತ್ತರಕ್ಕೇ ಇದೆ, ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ತಗ್ಗಿಸಲು ಇನ್ನೂ ಮನಸ್ಸು ಬಂದಿಲ್ಲ.

ಊಟದ ಬಿಡುವು ಮುಗಿಯಿತು.

ನಿನ್ನ ತಂಗಿ