ಎಡ-ಬಲವಿಲ್ಲದ ಜೋಡು

ಅಮೃತಸರ
ಮಾಘದ ಸಂಗ್ರಾಂದ್‌ನ ಮರುದಿನ

ಮುದ್ದು ನಿಮ್ಮೋ,

ವಾಹೆಗುರು ನಿನ್ನನ್ನು ಸುಖವಾಗಿಟ್ಟಿರಲಿ. ನಾಲ್ಕು ವರ್ಷದ ಮೇಲೆ ಬರೆಯುತ್ತಿರುವುದು ಬೈಯಲಿಕ್ಕಲ್ಲ, ಒಂದಷ್ಟು ಕೇಳಲಿಕ್ಕೆ. ತೇಗ್‌ಬೀರನನ್ನು ಮದುವೆಯಾದರೆ ಈ ಹೊಸ್ತಿಲು ತುಳಿಯಬೇಡ ಎಂದ ತಾಯಿ ನಾನೇ. ಮರೆತಿಲ್ಲ.

ನಿನ್ನೆ ಗುರುದ್ವಾರದಲ್ಲಿ ನಿಮ್ಮ ಜೋಡುಗಳನ್ನು ಇಸಿದುಕೊಂಡು ಬಿಲ್ಲೆ ಕೊಟ್ಟ ಮುದುಕಿಯೂ ನಾನೇ. ಪ್ರತಿ ತಿಂಗಳ ಮೊದಲ ದಿನ, ಸಂಗ್ರಾಂದ್‌ಗೆ, ಅಲ್ಲಿ ಬಂದವರ ಜೋಡು ಒರೆಸುವ ಸೇವೆ ನನ್ನದು. ಚುನ್ನಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದೆ, ನೀನು ನೋಡಲಿಲ್ಲ. ನಾನೂ ಮೊದಲು ನೋಡಿದ್ದು ಜೋಡನ್ನೇ. ಪಟಿಯಾಲದಲ್ಲಿ ನಾವಿಬ್ಬರೂ ಒಂದೇ ದಿನ, ಒಂದೇ ಅಳತೆಗೆ ಕೊಂಡ ಕೆಂಪು ಜುತ್ತಿ. ಇನ್ನೂ ಮೆಟ್ಟುತ್ತೀಯಲ್ಲ! ನಾನೂ ನಿನ್ನೆ ಅದನ್ನೇ ಮೆಟ್ಟಿದ್ದೆ.

ನಿನ್ನ ಅತ್ತೆಯ ಗಂಟಲು ದೊಡ್ಡದು, ಎಲ್ಲ ಕೇಳಿಸಿತು. ಎರಡೇ ದಿನದಲ್ಲಿ ಕೋಟೆ ಆಯಿತಂತೆ, ಗಡಿಯ ಕವಾಯತು ಆಯಿತಂತೆ, ಹಳೇ ಪೇಟೆಯಲ್ಲಿ ಕಸೂತಿಯ ಫುಲ್ಕಾರಿ ಕೊಂಡದ್ದೂ ಆಯಿತಂತೆ. ಕುಲ್ಚಾ ಎಲ್ಲಿ ತಿಂದಿರಿ? ಚೌಕದ ಆ ಹೊಸ ಅಂಗಡಿಯಲ್ಲಾದರೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಆಕೆ, "ಊರೆಲ್ಲಾ ಸುತ್ತಿಸ್ದೆ, ನಿನ್ನ ತವರ್ಮನೆ ಒಂದು ಬಿಟ್ಟು. ಅಲ್ಲೇನು ಹುಲಿ ಕಟ್ಟಿದಾರಾ?" ಎಂದರು. ನೀನು, "ಅಲ್ಲಿ ಬೀಗ ಹಾಕಿದೆ ಮಮ್ಮೀಜಿ" ಅಂದೆ. ಬೀಗ ಯಾವತ್ತೂ ಹಾಕಿಲ್ಲ ಮಗಳೇ. ಗಲ್ಲಿಯ ತುದಿವರೆಗಾದರೂ ಬಂದು ನೋಡಿದ್ದೆಯಾ?

ನೀವು ಒಳಗೆ ಹೋದ ಮೇಲೆ ಒರೆಸಲು ಕೂತೆ. ನಿನ್ನ ಜುತ್ತಿಯೊಳಗೆ ಇನ್ನೊಂದು ಜೊತೆ ತುರುಕಿತ್ತು, ನನ್ನ ಅಂಗೈಯಷ್ಟೂ ಇಲ್ಲದ್ದು. ತೇಗ್‌ಬೀರನ ಶಾಲಿನೊಳಗೆ ಇದ್ದದ್ದು ಚೀಲ ಅಂದುಕೊಂಡಿದ್ದೆ. ನನಗೆ ಯಾರೂ ಹೇಳಿರಲಿಲ್ಲ ನಿಮ್ಮೋ. ಗಂಡೋ ಹೆಣ್ಣೋ? ಹೆಸರೇನು? ಅಟ್ಟೆಗೆ ಮಣ್ಣು ಮೆತ್ತಿತ್ತು, ಅಂದರೆ ನಡೆಯುತ್ತದೆ, ಅಲ್ಲವಾ? ಎಷ್ಟು ಹೊತ್ತು ಒರೆಸಿದೆನೋ, ನನ್ನ ಜೊತೆ ಸೇವೆಗೆ ಕೂತವಳು "ಸವೆಸೇ ಬಿಡ್ತೀಯೇನಕ್ಕಾ?" ಎಂದು ರೇಗಿಸಿದಳು.

ನೀವು ಹೊರಬಂದಾಗ ನನಗೆ ಧೈರ್ಯ ಸಾಲಲಿಲ್ಲ. ಜೋಡು ಕೊಡಲು ಅವಳನ್ನೇ ಕಳಿಸಿ ಕಂಬದ ಹಿಂದೆ ನಿಂತೆ. ತೇಗ್‌ಬೀರ ಚಳಿಯ ನೆಲದ ಮೇಲೆ ಮಂಡಿಯೂರಿ ಮಗುವಿಗೆ ಜೋಡು ತೊಡಿಸಿದ. ಅವನ ಬೆನ್ನು ಅಡ್ಡವಿತ್ತು, ಮಗುವಿನ ಮುಖ ಕಾಣಲಿಲ್ಲ. ಅವನ ವಿಷಯದಲ್ಲಿ ನಾನು ಆಡಿದ್ದು ತಪ್ಪು. ಅವನಿಗೂ ಹೇಳು.

ವಿಳಾಸ ಕೊಟ್ಟವಳು ನಿನ್ನ ಗೆಳತಿ ಸಿಮ್ಮಿ. ಅವಳನ್ನು ಬೈಯಬೇಡ.

ನಿನ್ನ
ಬೀಜಿ

ತಾ.ಕ.: ಜುತ್ತಿಗೆ ಎಡ-ಬಲ ಇಲ್ಲವಲ್ಲ, ನಿನಗೆ ಗೊತ್ತಾಗಿರಲಿಕ್ಕಿಲ್ಲ. ಒಂದು ಕಾಲಿಗೆ ಸಡಿಲ ಅನ್ನಿಸುತ್ತಿದ್ದರೆ ಅದು ನನ್ನದು, ನನ್ನ ಕಾಲಿಗೆ ಹಿಗ್ಗಿದ್ದು. ನಿನ್ನದೊಂದು ನನ್ನ ಹೊಸ್ತಿಲ ಪಕ್ಕದಲ್ಲಿದೆ. ಇಷ್ಟು ವರ್ಷದ ಸೇವೆಯಲ್ಲಿ ನಾನು ಮಾಡಿದ ಕಳ್ಳತನ ಇದೊಂದೇ. ಅಂಚೆಯಲ್ಲಿ ಕಳಿಸಬೇಡ, ಮೆಟ್ಟಿಕೊಂಡೇ ಬಾ. ಅಂಗೈಯಷ್ಟಿನ ಆ ಜೋಡಿನವರನ್ನೂ ಕರೆದುಕೊಂಡು ಬಾ.