ಹಗ್ಗದ ಮೇಲೆ ದಾಟಿದ ಊರು

ಅಕ್ಕಾ,

ಹಿಮಾಚಲದ ಬೆಟ್ಟದಿಂದ ನಿನ್ನ ಅರುಣನ ನಮಸ್ಕಾರ. ಇಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ಈ ಕಾರ್ಡು. ನಮ್ಮ ಅರೆಕಾಲಿಕ ಸೇನೆ ಟೆರಿಟೋರಿಯಲ್ ಆರ್ಮಿಯಲ್ಲಿ ತುರ್ತು ಕರೆ ಬಂದರೆ ಯಾರು ಹೊರಡುತ್ತೀರಿ ಎಂದಾಗ ನಾನೇ ಕೈ ಎತ್ತಿದ್ದೆನಲ್ಲ, ಆ ಕರೆ ಬಂದೇಬಿಟ್ಟಿತು. ಇಂಡಿ ಊರಿನ ಕಾರ್ಖಾನೆಯ ಪಾಳಿ ಬಿಟ್ಟವನೇ ರೈಲು ಹತ್ತಿದೆ. ನೀನು ಸಿಂದಗಿಯಲ್ಲಿದ್ದೆ, ಹೇಳಿ ಬರಲು ಆಗಲಿಲ್ಲ.

ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ಒಂದು ಊರಿಗೆ ಊರೇ ನದಿಯಾಚೆ ಸಿಕ್ಕಿಕೊಂಡಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ಆಚೆ ದಾಟಿದವನು ನಾನು! ನಮ್ಮ ತುಕಡಿಯ ಮುದ್ದೇಬಿಹಾಳದ ಹುಡುಗ ಪ್ರೇಮಕುಮಾರ ದಡದಿಂದ, "ಹೆದರಬ್ಯಾಡ್ರಿ ಅಣ್ಣಾ, ಹಗ್ಗ ನನ್ನ ಕೈಯಾಗ ಐತಿ!" ಎಂದು ಕೂಗುತ್ತಲೇ ಇದ್ದ. ಆಮೇಲೆ ಹಗ್ಗಕ್ಕೆ ತೊಟ್ಟಿಲು ತೂಗುಹಾಕಿ ಎಲ್ಲರನ್ನೂ ಈಚೆ ತಂದೆವು, ಒಬ್ಬರನ್ನೂ ಆಚೆ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ದಾಟಿದ ಒಬ್ಬ ಮುದುಕಿ ಈ ದಡದಲ್ಲಿ ಕಣ್ಣು ಬಿಟ್ಟು ನಕ್ಕು, "ಇನ್ನೊಮ್ಮೆ ಕೂಡಿಸು, ಈ ಸಲ ನದಿ ನೋಡುತ್ತೇನೆ" ಎಂದು ಹಿಂದಿಯಲ್ಲಿ ಹಟ ಹಿಡಿದಳು.

ಅಂಗೈ ಸುಲಿದಿದೆ, ಮುಲಾಮು ಹಚ್ಚಿದ್ದಾರೆ, ಚಿಂತೆ ಬೇಡ. ಟಪಾಲು ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿದೆ. ದಾಟಿ ಬಂದ ಹೆಂಗಸರು ನಮಗೆಲ್ಲ ರೊಟ್ಟಿ ಸುಡುತ್ತಿದ್ದಾರೆ. ಮೊದಲನೆಯದು ನನಗೇ ಅಂತೆ, ಬಿಸಿ ಇರುವಾಗಲೇ ಹೋಗುತ್ತೇನೆ.

ನಿನ್ನ ತಮ್ಮ,
ಅರುಣಕುಮಾರ