ನಿಮ್ಮ ಕಪಾಟಿನಲ್ಲಿರುವ ನನ್ನ ಕೋಟು

ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ನನ್ನ ಕೋಟು ನಿಮ್ಮ ಕಚೇರಿಯ ಕಪಾಟಿನಲ್ಲಿದೆ. ಬೂದು ಬಣ್ಣದ್ದು, ಮುಂಭಾಗದಲ್ಲಿ ಕತ್ತಿನಿಂದ ಕೆಳಗಿನವರೆಗೂ ಕಪ್ಪು ಗುಂಡಿಗಳ ಸಾಲು. ಆ ಗುಂಡಿಗಳನ್ನು ನಾನೇ ಹಾಕಿಕೊಂಡೆ ಎಂದು ತೀರ್ಮಾನಿಸಿ ನಿಮ್ಮ ಇಲಾಖೆ ನನ್ನ ಅಂಗವೈಕಲ್ಯ ಭತ್ಯೆಯ ಅರ್ಜಿಯನ್ನು ತಿರಸ್ಕರಿಸಿತು. ಅವು ಹಾಕುವ ಗುಂಡಿಗಳೇ ಅಲ್ಲ, ಬರಿಯ ತೋರಿಕೆಯವು ಎಂದು ಹೇಳಲು ನಿಮ್ಮ ಮುಂದೆ ಬಂದರೆ, ನೀವು ಕೋಟನ್ನೇ ಇಟ್ಟುಕೊಂಡಿರಿ. ಈಗ ನನಗೆ ಭತ್ಯೆಯೂ ಇಲ್ಲ, ಕೋಟೂ ಇಲ್ಲ. ಚಳಿ ಮಾತ್ರ ಯಾವ ಅರ್ಜಿಯೂ ಇಲ್ಲದೆ ಮಂಜೂರಾಗಿದೆ.

ಇದನ್ನೆಲ್ಲ ಪತ್ರಿಕೆಗೆ ಏಕೆ ಬರೆಯಬೇಕು, ಕಚೇರಿಗೇ ಬರೆಯಬಾರದೇ ಎಂದು ನೀವು ಕೇಳಬಹುದು. ಬರೆದೆ. "ನಿಮ್ಮ ಪತ್ರ ತಲುಪಿರುತ್ತದೆ" ಎಂದು ಉತ್ತರ ಬಂತು. ಅದೂ ನಿಜವೇ. ಪತ್ರ ತಲುಪಿತು, ನಾನು ತಲುಪಲಿಲ್ಲ. ನಾನು ಮಾತುಗಾತಿಯಲ್ಲ. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಓದಿದ್ದೂ ಪ್ರಾಥಮಿಕ ಶಾಲೆಯವರೆಗೆ ಮಾತ್ರ. ಈ ಪತ್ರದಲ್ಲಿ ಅಲ್ಲಲ್ಲಿ ಬರುವ ದೊಡ್ಡ ಮಾತುಗಳನ್ನು ನಿಮ್ಮ ಇಲಾಖೆಯ ಆದೇಶದಿಂದಲೇ ಕಲಿತಿದ್ದೇನೆ. ಭತ್ಯೆ ಸಿಗದಿದ್ದರೂ ಶಬ್ದಗಳಾದರೂ ಸಿಕ್ಕವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನನಗಿರುವುದು ಕೀಲುವಾತ. "ಇಷ್ಟು ಚಿಕ್ಕ ಹುಡುಗಿಗೆ ಕೀಲುವಾತವೇ, ಅದು ಅಜ್ಜಿಯರ ಕಾಯಿಲೆಯಲ್ಲವೇ" ಎಂದು ದಯವಿಟ್ಟು ನೀವೂ ಕೇಳಬೇಡಿ. ಬಸ್ಸಿನಲ್ಲಿ ಪಕ್ಕ ಕೂತವರಿಂದ ಹಿಡಿದು ಔಷಧದಂಗಡಿಯವರವರೆಗೆ ಎಲ್ಲರೂ ಕೇಳಿ ಮುಗಿಸಿದ್ದಾರೆ. ನಾನು ಕೆಲಸ ಮಾಡುತ್ತಿದ್ದುದು ಒಂದು ಹೊಲಿಗೆ ಅಂಗಡಿಯಲ್ಲಿ. ಕಾಜಾ ನನ್ನ ಕೆಲಸ. ಕಾಜಾ ಎಂದರೆ ಗುಂಡಿ ತೂರುವ ಕಂಡಿ. ಅದರ ಅಂಚಿಗೆ ಒತ್ತೊತ್ತಾಗಿ ದಾರ ಕಟ್ಟಿ, ಎಳೆದರೂ ಬಿಡದಂತೆ ಮಾಡಬೇಕು. ಮೊದಲು ಕೈಯಿಂದ ಸೂಜಿ ಜಾರತೊಡಗಿತು. "ನಿದ್ದೆಗಣ್ಣಲ್ಲಿ ಹೊಲೀತೀಯೇನೇ?" ಎಂದು ಅಂಗಡಿಯಲ್ಲಿ ನಕ್ಕರು. ಆಮೇಲೆ ಕತ್ತರಿ ಜಾರಿತು, ಬಾಚಣಿಗೆ ಜಾರಿತು, ಕೊನೆಗೆ ಕೆಲಸವೇ ಜಾರಿತು. ಬೆಳಿಗ್ಗೆ ಎಚ್ಚರವಾದಾಗ ನನ್ನ ಬೆರಳುಗಳು ನೆನೆದು ಒಣಗಿದ ಹಗ್ಗದ ಗಂಟಿನಂತಿರುತ್ತವೆ. ಭುಜ ಮೇಲೇಳುವುದಿಲ್ಲ, ಆದ್ದರಿಂದ ತಲೆಯ ಮೇಲಿಂದ ತೊಡುವ ಬಟ್ಟೆ ಆಗದು. ಮುಂದೆ ತೆರೆಯುವ ಬಟ್ಟೆಯಾದರೆ ಗುಂಡಿ ಹಾಕಬೇಕು. ಜಿಪ್ ಇಲ್ಲವೇ ಎನ್ನುತ್ತೀರಾ? ಅದರ ತುದಿಯನ್ನು ಕೂಡಿಸಲು ಎರಡು ಬೆರಳು ಚಿವುಟಬೇಕು. ಕೈಲಾಗದವರು ಮೈ ಪರಚಿಕೊಂಡರು ಎನ್ನುತ್ತಾರೆ. ಪರಚಿಕೊಳ್ಳುವುದಕ್ಕೂ ಕೈ ಆಗಬೇಕಲ್ಲ!

ಮನೆಯಲ್ಲಿ ಇರುವುದು ಅಕ್ಕ ಮತ್ತು ನಾನು. ಅಕ್ಕ ಬ್ರೆಡ್ಡಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಾಳೆ. ಬೆಳಕು ಹರಿಯುವ ಮುಂಚೆ ಹೋದವಳು ಕತ್ತಲಾದ ಮೇಲೆ ಬರುತ್ತಾಳೆ. ಅವಳು ಹೊರಡುವ ಹೊತ್ತಿಗೆ ನನ್ನ ತೋಳು ಕಟ್ಟಿಗೆಯಂತಿರುತ್ತದೆ. ಒಮ್ಮೆ ತೋಳು ತೂರಿಸಲು ಹೋಗಿ ನಾನು ಕಿರುಚಿದೆ, ಅವಳು ಅತ್ತಳು, ಬಸ್ಸು ತಪ್ಪಿತು. ಅಂದಿನಿಂದ ನಾನೇ ಬೇಡವೆಂದೆ. ಭತ್ಯೆ ಬಂದರೆ ಅಕ್ಕ ಆ ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿಗೆ ಹೋಗಬಹುದು. ಅಲ್ಲಿ ಸಂಬಳ ಕಡಿಮೆ, ಆದರೆ ಬೆಳಿಗ್ಗೆ ಮನೆಯಲ್ಲಿ ಒಬ್ಬರಿದ್ದಂತಾಗುತ್ತದೆ. ನಾನು ನಿಮ್ಮಿಂದ ಕೇಳಿದ್ದು ಅಷ್ಟೇ: ನನ್ನ ಬೆಳಗಿಗೆ ನನ್ನ ಅಕ್ಕ.

ನಿಮ್ಮ ಇಲಾಖೆಯ ವೈದ್ಯರ ಮುಂದೆ ಹಾಜರಾಗಬೇಕೆಂದು ಕರೆ ಬಂದಾಗ ನಾನು ಹೊದಿಕೆ ಹೊದ್ದು ಹೋಗುತ್ತೇನೆ ಎಂದೆ. ಅಕ್ಕ ರೇಗಿದಳು.

"ಆಫೀಸಿಗೆ ಹೋಗ್ತಿರೋದು ಕಣೇ, ಭಿಕ್ಷೆಗಲ್ಲ. ಹರಕು ಮುರಕು ಸುತ್ಕೊಂಡು ಹೋದ್ರೆ ಇವಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ ಅಂತಾರೆ."

ಈ ಮಾತು ನಮ್ಮ ಅಂಗಡಿಯ ಕಟಿಂಗ್ ಮಾಸ್ಟರ್ ಕಿವಿಗೂ ಬಿತ್ತು. ನನಗೆ ಸೂಜಿ ಹಿಡಿಯಲು ಕಲಿಸಿದವರು ಅವರೇ. "ಕಾಜಾ ಮಾಡೋ ಹುಡುಗಿ ಗುಂಡಿ ಬಿಚ್ಕೊಂಡು ದೊಡ್ಡೋರ ಮುಂದೆ ಹೋಗೋದಾ? ನಮ್ಮ ಅಂಗಡಿ ಮಾನ ಏನಾಗ್ಬೇಕು?" ಎಂದು ತಾವೇ ಬಟ್ಟೆ ಕತ್ತರಿಸಿದರು. ಕಂಕುಳಿನ ಬಳಿ ಅಗಲ ಬಿಟ್ಟರು, ಒಳಗೆ ಜಾರುವ ಅಸ್ತರಿ ಕೊಟ್ಟರು. ಮುಂದೆ ಮಾತ್ರ ಗುಂಡಿಯ ಬದಲು ಮಕ್ಕಳ ಬೂಟಿಗೆ ಹಾಕುವಂಥ ಅಂಟುಪಟ್ಟಿ ಹೊಲಿದರು. ಅಂಗೈಯಿಂದ ಒತ್ತಿದರೆ ಸಾಕು, ಕೂತುಕೊಳ್ಳುತ್ತದೆ. ಅದರ ಮೇಲೆ, ಪಟ್ಟಿ ಯಾರಿಗೂ ಕಾಣದಂತೆ, ಸುಮ್ಮನೆ ಗುಂಡಿಗಳ ಸಾಲು. ತೆರೆಯದ ಕಾಜಾ, ಬಿಚ್ಚದ ಗುಂಡಿ. ಅದನ್ನು ಅಂಗಡಿಯ ಮೇಜಿನ ಮೇಲೆ ಹರಡಿ, "ಕಂಡುಹಿಡೀರಿ ನೋಡೋಣ" ಎಂದು ಸವಾಲು ಹಾಕಿದರು. ಒಬ್ಬರಿಗೂ ಆಗಲಿಲ್ಲ. ಗುಂಡಿಯಿಂದಲೇ ಹೊಟ್ಟೆ ಹೊರೆದ ನನಗೂ ಆಗಲಿಲ್ಲ.

"ಯಾವನಿಗೂ ಗೊತ್ತಾಗಲ್ಲ ಬಿಡು," ಎಂದರು ಮಾಸ್ಟರ್. ನನ್ನ ಪ್ರಕರಣದಲ್ಲಿ ಯಾರಾದರೂ ಹೇಳಿದ ಮಾತು ನೂರಕ್ಕೆ ನೂರು ನಿಜವಾಗಿದ್ದರೆ ಅದೊಂದೇ.

ವೈದ್ಯರು ಒಳ್ಳೆಯವರು. ಆದರೆ ಅವರ ಕೋಣೆಯ ಹೊರಗೆ ಬಾಗಿಲಿನವರೆಗೂ ಜನ. ನನ್ನ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಆ ಹೊತ್ತಿಗೆ ನನ್ನ ಕೈ ಸ್ವಲ್ಪ ಸಡಿಲವಾಗಿರುತ್ತದೆ, ದಿನದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಈ ಪತ್ರವನ್ನೂ ಅದೇ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ. "ಹೇಗಿದ್ದೀಯಮ್ಮಾ?" ಎಂದರು. "ಚೆನ್ನಾಗಿದ್ದೀನಿ ಸಾರ್" ಎಂದೆ. ಹಿರಿಯರು ಕ್ಷೇಮ ಕೇಳಿದರೆ ಬೇರೆ ಏನು ಹೇಳುತ್ತಾರೆ? ಅವರು ನನ್ನ ಬೆರಳುಗಳನ್ನು ಒತ್ತಿ ನೋಡಿದರು, ಏನೋ ಬರೆದುಕೊಂಡರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ಕೋಟು ಚೆನ್ನಾಗಿದೆಯಲ್ಲ. ನೀನೇ ಹಾಕ್ಕೊಂಡ್ಯಾ?"

"ಹೌದು ಸಾರ್, ನಾನೇ!" ಎಂದೆ.

ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಎಷ್ಟೋ ಕಾಲದ ಮೇಲೆ ಯಾರ ಸಹಾಯವೂ ಇಲ್ಲದೆ ಬಟ್ಟೆ ತೊಟ್ಟಿದ್ದೆ. ಯಾರಾದರೂ ಕೇಳಲಿ ಎಂದು ದಾರಿಯುದ್ದಕ್ಕೂ ಕಾದಿದ್ದೆ. ಕೇಳಿದರು. ಹೇಳಿದೆ. ನಿಮ್ಮ ಆದೇಶದಲ್ಲಿ ಅದು ಹೀಗಾಯಿತು: "ಅರ್ಜಿದಾರರು ಗುಂಡಿಗಳುಳ್ಳ ಮೇಲುಡುಪನ್ನು ಸ್ವತಃ ಧರಿಸಿರುವುದಾಗಿ ಒಪ್ಪಿಕೊಂಡಿರುತ್ತಾರೆ. ಬೆರಳುಗಳ ಸೂಕ್ಷ್ಮ ಚಲನೆ ತೃಪ್ತಿಕರ. ತಾವು ಚೆನ್ನಾಗಿರುವುದಾಗಿಯೂ ತಿಳಿಸಿರುತ್ತಾರೆ." ಒಪ್ಪಿಕೊಳ್ಳುವುದು ಕಳ್ಳರು ಮಾಡುವ ಕೆಲಸ ಎಂದುಕೊಂಡಿದ್ದೆ. ಸಂತೋಷವನ್ನೂ ಒಪ್ಪಿಕೊಳ್ಳಬಹುದು ಎಂದು ಅಂದು ತಿಳಿಯಿತು.

ಆದೇಶವನ್ನು ಅಂಗಡಿಗೆ ಒಯ್ದೆ. ಮಾಸ್ಟರ್ ಎಲ್ಲರಿಗೂ ಕೇಳುವಂತೆ ಓದುತ್ತಿದ್ದವರು ಗುಂಡಿಯ ಮಾತು ಬಂದ ಕಡೆ ನಿಲ್ಲಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಕೈಯಾರೆ ನಿನ್ನ ತುತ್ತು ಕಿತ್ಕೊಂಡೆನಲ್ಲೇ."

"ಸ್ವಲ್ಪ ಕೆಟ್ಟದಾಗಿ ಹೊಲಿದಿದ್ರೆ ಆಗ್ತಿತ್ತು ಮಾಸ್ಟರ್," ಎಂದು ನಗಿಸಲು ನೋಡಿದೆ.

"ನಂಗೆ ಅದು ಬರಲ್ಲಮ್ಮಾ," ಎಂದರು. ಅವರು ನಗಲಿಲ್ಲ.

ಮೇಲ್ಮನವಿಯ ದಿನ ಮಾಸ್ಟರ್ ನನ್ನ ಜೊತೆ ಬಂದರು. ಎತ್ತರದ ಮೇಜಿನ ಹಿಂದೆ ನೀವೇ ಕುಳಿತಿದ್ದಿರಿ. ನಿಮಗೆ ನೆನಪಿರಲಾರದು, ಅದಕ್ಕೇ ನೆನಪಿಸುತ್ತಿದ್ದೇನೆ. ಗೋಡೆಯುದ್ದಕ್ಕೂ ಬೆಂಚುಗಳು, ಬೆಂಚುಗಳ ತುಂಬ ತಮ್ಮ ತಮ್ಮ ಸರದಿಗೆ ಕಾದವರು. "ತೋರಿಸಮ್ಮಾ" ಎಂದರು ಮಾಸ್ಟರ್. ಅಷ್ಟು ಜನರ ಎದುರು ನಾನು ಕೋಟಿನ ಅಂಚು ಹಿಡಿದು ಎಳೆದೆ. ಚರ್ರ್ ಎಂದು ಇಡೀ ಸಾಲು ಒಂದೇ ಸಲ ತೆರೆದುಕೊಂಡಿತು. ಒಳಗೆ ಅಕ್ಕನ ಹಳೆಯ ಅಂಗಿ. ಅದರ ಗುಂಡಿಗಳು ನಿಜವಾದವು, ಆದ್ದರಿಂದ ಹಾಕಿರಲಿಲ್ಲ. ಎದೆಗೆ ಕೈ ಅಡ್ಡ ಹಿಡಿದು ನೆಲ ನೋಡುತ್ತ ನಿಂತೆ.

"ಇದೇನ್ರೀ, ಮಕ್ಕಳ ಬೂಟಿನ ಪಟ್ಟಿ!" ಎಂದಿರಿ ನೀವು. ಎಲ್ಲರೂ ನಕ್ಕರು. ನಾನೂ ನಕ್ಕೆ, ಗೆದ್ದೆ ಎಂದುಕೊಂಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಆದರೆ ನಿಮ್ಮ ಕಚೇರಿಯಲ್ಲಿ ಕನ್ನಡಿಗೂ ದೃಢೀಕರಣ ಬೇಕು.

"ಅವತ್ತು ಹಾಕಿದ್ದು ಇದೇ ಅನ್ನೋದಕ್ಕೆ ಆಧಾರ ಏನು? ಅರ್ಜಿ ಬಿದ್ದುಹೋದ ಮೇಲೆ ಬದಲಾಯಿಸಿರಬಹುದಲ್ಲ?" ಎಂದು ಕೇಳಿದಿರಿ.

ಮಾಸ್ಟರ್ ನನ್ನ ಮೈಮೇಲಿನ ಕೋಟು ಬಿಡಿಸಿ ಮೇಜಿನ ಮೇಲೆ ಮಗುಚಿ ಹಾಕಿದರು. "ಸಾರ್, ಬಿಚ್ಚಿ ಹೊಲಿದ್ರೆ ಸೂಜಿ ಗುರುತು ಉಳಿಯುತ್ತೆ. ಒಂದಾದ್ರೂ ಇದ್ಯಾ ನೀವೇ ನೋಡಿ."

"ಇಷ್ಟು ಚೆನ್ನಾಗಿ ಹೊಲಿಯೋರು ಗುರುತು ಬಿಡ್ತಾರೇನ್ರೀ?" ಎಂದಿರಿ.

ಜೀವಮಾನವಿಡೀ ಮಾಸ್ಟರ್ ಕಾದಿದ್ದ ಹೊಗಳಿಕೆ ಅದು. ಯಾರಿಂದ, ಯಾವ ಹೊತ್ತಿನಲ್ಲಿ ಬಂತು ನೋಡಿ. ಪರಿಶೀಲನೆಗಾಗಿ ಕೋಟನ್ನು ವಶಪಡಿಸಿಕೊಳ್ಳಲಾಯಿತು. ಮಾಸ್ಟರ್ ತಮ್ಮ ಕೋಟನ್ನು ನನಗೆ ಹೊದಿಸಿದರು. ತೋಳುಗಳು ಮೊಣಕಾಲಿನವರೆಗೆ ಜೋತಾಡುತ್ತಿದ್ದವು. ಅವರು ಅಂಗಿಯಲ್ಲೇ ನಡುಗುತ್ತ ಬಸ್ಸಿನವರೆಗೆ ನಡೆದರು.

ಆಮೇಲಿನದು ನಿಮ್ಮ ಕಡತದಲ್ಲೇ ಇದೆ. ತಜ್ಞರೊಬ್ಬರು ಕೋಟನ್ನು ನೋಡಿ "ಕೆಲಸ ಅತ್ಯುತ್ತಮ, ಯಾವಾಗ ಮಾಡಿದ್ದೆಂದು ಹೇಳಲಾಗದು" ಎಂದು ಅಭಿಪ್ರಾಯ ಕೊಟ್ಟರಂತೆ. ಇನ್ನೊಬ್ಬ ತಜ್ಞರು ನೋಡಬೇಕಂತೆ. ಅಲ್ಲಿಯವರೆಗೆ ಮೇಲ್ಮನವಿ ಬಾಕಿ, ಕೋಟು ಕಪಾಟಿನಲ್ಲಿ. ಹಾಗಿದ್ದರೆ ಮಾಸ್ಟರ್ ಇನ್ನೊಂದು ಹೊಲಿಯಬಾರದೇ? ಹೊಲಿಯಲು ಬಟ್ಟೆ ತೆಗೆದಿದ್ದರು. ಅಂಗಡಿಯ ಮಾಲೀಕರು ಬಂದು ಕತ್ತರಿ ಕಿತ್ತಿಟ್ಟರು. "ಅಂಥದ್ದೇ ಇನ್ನೊಂದು ಹೊಲಿದ್ರೆ, ನೋಡಿ ಸುಳ್ಳು ಸಾಕ್ಷಿ ತಯಾರು ಮಾಡೋರು ಇವರೇ ಅಂತಾರೆ. ಆ ಇಲಾಖೆ ಕಾವಲುಗಾರರ ಸಮವಸ್ತ್ರ ನಮ್ಮಲ್ಲೇ ಹೊಲಿಯೋದು, ಮರೀಬೇಡಿ." ಮಾಸ್ಟರ್ ಮರೆಯಲಿಲ್ಲ. ಅಂದಿನಿಂದ ಅವರು ನಮ್ಮ ಬೀದಿಯಲ್ಲಿ ಬರುವುದನ್ನೇ ಬಿಟ್ಟಿದ್ದಾರೆ. ಸುತ್ತು ದಾರಿ ಹಿಡಿದು ಮನೆಗೆ ಹೋಗುತ್ತಾರೆಂದು ಅಕ್ಕ ಹೇಳಿದಳು. ನೀವು ನನ್ನಿಂದ ತೆಗೆದುಕೊಂಡವುಗಳ ಪಟ್ಟಿಯಲ್ಲಿ ಇದು ಸೇರಿಲ್ಲ, ಸೇರಿಸಿಕೊಳ್ಳಿ.

ಕಳೆದ ವಾರ ನಿಮ್ಮ ಗುಮಾಸ್ತರು ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟರು. ಪಾಪ, ಕರುಣೆಯಿಂದಲೇ ಹೇಳಿದರು.

"ನೋಡು ತಂಗಿ, ಮೇಲ್ಮನವಿ ಹಿಂದಕ್ಕೆ ತಗೊಂಬಿಡು. ಕಡತ ಮುಚ್ಚುತ್ತೆ, ಕೋಟು ನಿನ್ನ ಕೈಗೆ ಬರುತ್ತೆ. ಇಲ್ದಿದ್ರೆ ಎರಡೂ ಇಲ್ಲೇ ಕೊಳೆಯುತ್ತೆ."

ಅಕ್ಕ ಬೇಡ ಎಂದಳು. ಹಿಂದಕ್ಕೆ ತೆಗೆದುಕೊಂಡರೆ ಅವರು ಹೇಳಿದ್ದೇ ನಿಜವಾಗುತ್ತದೆ ಎಂದು ಅವಳ ವಾದ. ನಾನು ಅವಳಿಗೆ ಎದುರಾಡಲಿಲ್ಲ. ಆದರೆ ಅವಳು ಹೋದ ಮೇಲಿನ ಬೆಳಗು ನನ್ನದು, ಅವಳದಲ್ಲ. ಹೊತ್ತು ಏರುವವರೆಗೆ ಹಾಸಿಗೆಯಲ್ಲಿ. ತೋಳು ಸ್ವಲ್ಪ ಬಗ್ಗಿದ ಮೇಲೆ ಅಂಗಿಯೊಳಗೆ ಹೇಗೋ ತೂರಿಸುತ್ತೇನೆ. ಆಮೇಲೆ ಎದುರಿಗೆ ಗುಂಡಿಗಳು. ಅವನ್ನು ನೋಡುತ್ತ ಕೂರುತ್ತೇನೆ. ಯಾರಾದರೂ ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಉಸಿರು ಹಿಡಿಯುತ್ತೇನೆ. ಕಿಟಕಿಯ ಹತ್ತಿರ ಹೋಗುವುದಿಲ್ಲ. ಹೊದಿಕೆ ಹೊದ್ದು ಹೊರಗೆ ಬರಬಹುದಿತ್ತು, ನಿಜ. ತೆರೆದ ಅಂಗಿಯಲ್ಲಿ ಬೀದಿಗೆ ಬಂದು ನಿಮ್ಮ ಬಾಗಿಲಲ್ಲಿ ಅರಚುವ ಧೈರ್ಯ ಇದ್ದವರಿಗೆ ಇಷ್ಟರಲ್ಲಿ ಭತ್ಯೆ ಸಿಕ್ಕಿರುತ್ತಿತ್ತೋ ಏನೋ. ನಾಚಿಕೆಯೂ ಒಂದು ಅಂಗವೈಕಲ್ಯವೇ? ನಿಮ್ಮ ನಿಯಮಗಳಲ್ಲಿ ಹುಡುಕಿದೆ, ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ನಿಮ್ಮ ವೈದ್ಯರನ್ನು ಒಂದು ಬೆಳಿಗ್ಗೆ, ಅಕ್ಕ ಹೋದ ಮೇಲೆ, ನನ್ನ ಮನೆಗೆ ಕಳಿಸಿ. ಅವರು ಮುಟ್ಟಬೇಕಿಲ್ಲ, ಒತ್ತಬೇಕಿಲ್ಲ, ಕ್ಷೇಮ ಕೇಳಬೇಕಿಲ್ಲ. ಒಂದು ಕುರ್ಚಿ ಹಾಕಿ ಕೊಡುತ್ತೇನೆ. ನಾನು ಒಂದೇ ಒಂದು ಗುಂಡಿ ಹಾಕಿಕೊಳ್ಳುವವರೆಗೆ ಕೂತಿದ್ದು ಹೋಗಲಿ. ನೀವು ಕಳಿಸುವುದಿಲ್ಲ ಎಂದು ನನಗೆ ಗೊತ್ತಿದೆ. ಬೇಡಿಕೆ ಇಲ್ಲದೆ ಇಂಥ ಪತ್ರ ಮುಗಿಯಬಾರದು ಎಂದು ಬರೆದೆ.

ಕಳಿಸಲಾಗದಿದ್ದರೆ ಕೋಟು ಕೊಡಿ. ಮೇಲ್ಮನವಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಕ್ಕನಿಗೆ ನಾನೇ ಹೇಗಾದರೂ ಹೇಳುತ್ತೇನೆ. ಗುಮಾಸ್ತರನ್ನು ಕೇಳಿದೆ. ಹಿಂತೆಗೆತಕ್ಕೆ ನಾನೇ ಖುದ್ದಾಗಿ ಬಂದು ಸಹಿ ಮಾಡಬೇಕಂತೆ. ಸಹಿ ಮಾಡಿಸಿಕೊಳ್ಳುವ ಕಿಟಕಿ ಮಧ್ಯಾಹ್ನದ ಊಟಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲವಂತೆ. ಆಗಲಿ, ಬೆಳಿಗ್ಗೆಯೇ ಬರುತ್ತೇನೆ. ಆದರೆ ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ ನಾನು ತೊಟ್ಟು ಬರಬಲ್ಲ ಉಡುಪು ಲೋಕದಲ್ಲಿ ಒಂದೇ ಒಂದಿದೆ.

ಅದು ನಿಮ್ಮ ಕಪಾಟಿನಲ್ಲಿದೆ.

ಇಂತಿ,
ಚೆನ್ನಾಗಿದ್ದೇನೆಂದು ನಿಮ್ಮ ಕಡತದಲ್ಲಿ ದಾಖಲಾಗಿರುವ,
ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರುವ,
ಒಂದು ಕಾಲದ ಕಾಜಾ ಕೆಲಸದವಳು